ನೀರಿನಲ್ಲಿ ಪಾಷಾಣ ಹುಡುಕಿದವರು

ನಮ್ಮ ಕಡೆ ಪಾಷಾಣವೆಂದರೆ ವಿಷ ಎಂದೇ ಅರ್ಥ. ಇಲಿ ಪಾಷಾಣ ಎಂಬ ಮಾತನ್ನು ಕೇಳದ ಹಳ್ಳಿಯವರಿಲ್ಲ. ಸಂಸ್ಕೃತದಲ್ಲಿ ಮಾತ್ರ ಆ ಪದಕ್ಕೆ ಕಲ್ಲು ಎಂಬುದೇ ಮೊದಲ ಅರ್ಥ. ಹಳೆಯ ಕಾಲದ ನಾಟಿ ವೈದ್ಯರು ಶಂಖಪಾಷಾಣ, ಅರದಾಳ, ಮಣಿಶಿಲೆ ಎಂದು ಹೆಸರಿಸುತ್ತಿದ್ದ ಮೂರೂ ವಸ್ತುಗಳಲ್ಲಿರುವ ಮೂಲಧಾತು ಒಂದೇ, ಆರ್ಸೆನಿಕ್. ಕಲ್ಲಿನ ಹೆಸರು ವಿಷಕ್ಕೆ ಅಂಟಿಕೊಂಡದ್ದು ರಸಾಯನಶಾಸ್ತ್ರದ ದೃಷ್ಟಿಯಿಂದ ಎಷ್ಟು ಸರಿ ಎಂದು ನನಗೆ ಹಲವು ಬಾರಿ ಅನ್ನಿಸಿದೆ. ಆರ್ಸೆನಿಕ್ ಬರುವುದು ಬಂಡೆಯಿಂದಲೇ. ನದಿ ಬಂಡೆಯನ್ನು ಅರೆದು ಹುಡಿ ಮಾಡುತ್ತದೆ, ಹುಡಿಯನ್ನು ಮೆಕ್ಕಲಾಗಿ ಹೊತ್ತೊಯ್ಯುತ್ತದೆ. ಆದುದರಿಂದ ಆರ್ಸೆನಿಕ್ ಲವಲೇಶವೂ ಇಲ್ಲದ ನದಿ ಜಗತ್ತಿನಲ್ಲಿ ಇರಲಾರದು. ಕೇಳಬೇಕಾದ ಪ್ರಶ್ನೆಗಳು ಎರಡು: ಎಷ್ಟಿದೆ? ಯಾವ ರೂಪದಲ್ಲಿದೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ಮನುಷ್ಯನಿಗೆ ಸುಮಾರು ಇನ್ನೂರು ವರ್ಷ ಬೇಕಾಯಿತು. ಆ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ‘ಎಷ್ಟು’ ಎಂಬುದರ ಕಲ್ಪನೆ ಬರಲಿ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಸೂಚಿಸಿದ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ನಮ್ಮ ದೇಶದ ಮಾನಕವೂ ಸ್ವೀಕಾರಾರ್ಹ ಮಿತಿಯೆಂದು ಅದನ್ನೇ ಹೇಳುತ್ತದೆ. ಬೇಸಿಗೆಯಲ್ಲಿ ನಮ್ಮ ಬೀದಿಗಳಿಗೆ ಬರುವ ಹತ್ತು ಸಾವಿರ ಲೀಟರಿನ ಟ್ಯಾಂಕರುಗಳನ್ನು ನೆನಪಿಸಿಕೊಳ್ಳಿ. ಅಂಥ ಹತ್ತು ಟ್ಯಾಂಕರುಗಳ ನೀರಿನಲ್ಲಿ ಒಂದೇ ಒಂದು ಗ್ರಾಂ ಆರ್ಸೆನಿಕ್ ಕರಗಿದ್ದರೆ ಆಗುವುದು ಈ ಪ್ರಮಾಣ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಸಾಮಾನ್ಯ ನದಿಗಳಲ್ಲಿ ಇದಕ್ಕಿಂತಲೂ ಬಹಳ ಕಡಿಮೆ, ಬಹುಪಾಲು ಲೀಟರಿಗೆ ಒಂದೆರಡು ಮೈಕ್ರೊಗ್ರಾಮಿನ ಒಳಗೇ ಇರುತ್ತದೆ. ಅದನ್ನು ಹಿಡಿಯುವುದು ಹೇಗೆ?

ಹಿಡಿಯುವ ಉಪಾಯ ದೊರೆತದ್ದು ನೀರಿಗಾಗಿ ಅಲ್ಲ, ಕೊಲೆಗಾರರಿಗಾಗಿ. ಸ್ವೀಡನ್ನಿನ ಕಾರ್ಲ್ ಶೀಲೆ 1775ರಲ್ಲಿ ಒಂದು ವಿಚಿತ್ರ ಅನಿಲವನ್ನು ಕಂಡಿದ್ದ. ಆರ್ಸೆನಿಕ್ ಇರುವ ದ್ರಾವಣಕ್ಕೆ ಸತು ಮತ್ತು ಆಮ್ಲ ಸೇರಿಸಿದಾಗ ಹೊರಡುವ ಜಲಜನಕವು ಆರ್ಸೆನಿಕ್ಕನ್ನೂ ತನ್ನೊಡನೆ ಎಳೆದುಕೊಂಡು ಬರುತ್ತದೆ. ಹೀಗೆ ಹುಟ್ಟುವುದು ಆರ್ಸೀನ್ ಅನಿಲ. ಓದುಗರು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು, ಮುಂದಿನ ಕಥೆಯೆಲ್ಲ ಇದರದೇ. ಅತ್ಯಂತ ಕ್ರೂರವಾದ ಅನಿಲವಿದು. ಜರ್ಮನಿಯ ರಸಾಯನಜ್ಞ ಗೇಲೆನ್ ಅದರ ಮೇಲೆ ಪ್ರಯೋಗ ಮಾಡುತ್ತಲೇ ಅದನ್ನು ಉಸಿರಾಡಿ 1815ರಲ್ಲಿ ಮ್ಯೂನಿಕ್ಕಿನಲ್ಲಿ ಪ್ರಾಣ ಬಿಟ್ಟ.

1830ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಬಾಡಲ್ ಎಂಬ ಯುವಕ ತನ್ನ ಅಜ್ಜನ ಕಾಫಿಗೆ ವಿಷ ಹಾಕಿದನೆಂಬ ಆರೋಪ ಬಂತು. ಪರೀಕ್ಷೆಯ ಹೊಣೆ ಬಿದ್ದದ್ದು ವುಲಿಚ್‌ನ ಶಸ್ತ್ರಾಗಾರದಲ್ಲಿ ಕೆಲಸ ಮಾಡುತ್ತಿದ್ದ ಜೇಮ್ಸ್ ಮಾರ್ಷ್ ಎಂಬವನ ಮೇಲೆ. ಆತ ಆಗ ರೂಢಿಯಲ್ಲಿದ್ದಂತೆ ಹೈಡ್ರೊಜನ್ ಸಲ್ಫೈಡ್ ಹಾಯಿಸಿ ಹಳದಿ ಪ್ರಕ್ಷೇಪ ತೆಗೆದ. ಬಿ.ಎಸ್ಸಿ.ಯಲ್ಲಿ ನಮಗೆ ಎರಡನೆಯ ಗುಂಪಿನ ವಿಶ್ಲೇಷಣೆ ಇತ್ತು. ಕಿಪ್ ಉಪಕರಣದಿಂದ ಹೊರಡುವ ಆ ಕೊಳೆತ ಮೊಟ್ಟೆಯ ವಾಸನೆ ಬಟ್ಟೆಯಲ್ಲಿ ಸಂಜೆಯವರೆಗೂ ಉಳಿದಿರುತ್ತಿತ್ತು. ಆದುದರಿಂದ ಮಾರ್ಷನ ಪಾಡು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅವನು ಸಾಬೀತು ಮಾಡಿದ್ದ ಹಳದಿ ವಸ್ತು ನ್ಯಾಯಾಲಯಕ್ಕೆ ಬರುವ ವೇಳೆಗೆ ಕೆಟ್ಟುಹೋಗಿತ್ತು, ಪಂಚರು ಒಪ್ಪಲಿಲ್ಲ, ಬಾಡಲ್ ಬಿಡುಗಡೆಯಾದ. ಕೊಂದದ್ದು ತಾನೇ ಎಂದು ಅವನು ಮುಂದೆ ಒಪ್ಪಿಕೊಂಡನಂತೆ.

ಅವಮಾನಗೊಂಡ ಮಾರ್ಷ್ ಶೀಲೆಯ ಅನಿಲಕ್ಕೆ ಹಿಂದಿರುಗಿದ. ಸಂಶಯದ ವಸ್ತುವನ್ನು ಸತು ಮತ್ತು ಗಂಧಕಾಮ್ಲದೊಡನೆ ಬೆರೆಸಿ, ಹೊರಡುವ ಅನಿಲಕ್ಕೆ ಕೊಳವೆಯ ಬಾಯಲ್ಲಿ ಬೆಂಕಿ ತೋರಿಸಿ, ಆ ಜ್ವಾಲೆಗೆ ತಣ್ಣನೆಯ ಗಾಜು ಅಥವಾ ಪಿಂಗಾಣಿ ಹಿಡಿದರೆ ಕಪ್ಪಾಗಿ ಹೊಳೆಯುವ ಕನ್ನಡಿಯಂಥ ಲೇಪ ಕಟ್ಟುತ್ತದೆ. ಲೋಹದಂತೆ ಕಾಣುವ ಶುದ್ಧ ಆರ್ಸೆನಿಕ್ ಅದು, ಯಾರ ಕಣ್ಣಿಗಾದರೂ ಕಾಣುವಂಥದ್ದು. 1836ರಲ್ಲಿ ಪ್ರಕಟವಾದ ಈ ವಿಧಾನ ಒಂದು ಮಿಲಿಗ್ರಾಮಿನ ಐವತ್ತರಲ್ಲಿ ಒಂದು ಪಾಲನ್ನು, ಅಂದರೆ 20 ಮೈಕ್ರೊಗ್ರಾಮನ್ನು ಹಿಡಿಯಬಲ್ಲದಾಗಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಇಂದಿನ ಮಿತಿಯ ನೀರು ಎರಡು ಲೀಟರ್ ತೆಗೆದುಕೊಂಡರೆ ಅದರಲ್ಲಿರುವ ಆರ್ಸೆನಿಕ್ ಎಷ್ಟು? ಅದೇ 20 ಮೈಕ್ರೊಗ್ರಾಂ! ಕಾಗದದ ಮೇಲಿನ ಲೆಕ್ಕವೇನೋ ಸರಿ, ಎರಡು ಲೀಟರ್ ನೀರನ್ನು ಬತ್ತಿಸಿ ಅಂಗೈಯಷ್ಟು ಮಾಡಿಕೊಳ್ಳುವಾಗ ನೂರು ತೊಡಕುಗಳಿವೆ. ಆದರೂ ನಮ್ಮ ಕಾಲದಲ್ಲಿ ಕೋಟ್ಯಂತರ ಜನ ಕುಡಿದ ವಿಷವನ್ನು ತೋರಿಸಿಕೊಡುವ ವಿದ್ಯೆ ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬರುವ ಮೊದಲೇ ಇತ್ತೆಂಬುದು ಸುಳ್ಳಲ್ಲ. ಮಾರ್ಷನಿಗೆ ಚಿನ್ನದ ಪದಕ ಬಂತು, ಹಣ ಬರಲಿಲ್ಲ. 1846ರಲ್ಲಿ ಹೆಂಡತಿ ಮಕ್ಕಳನ್ನು ಬಡತನದಲ್ಲಿ ಬಿಟ್ಟು ತೀರಿಕೊಂಡ.

ಇಷ್ಟು ಸೂಕ್ಷ್ಮವಾದ ಪರೀಕ್ಷೆ ಬಂದ ಕೂಡಲೇ ಅದರ ಸಂಕಟವೂ ಬಂತು. 1840ರಲ್ಲಿ ಫ್ರಾನ್ಸಿನ ತ್ಯೂಲ್ ಎಂಬ ಊರಿನಲ್ಲಿ ಗಂಡನಿಗೆ ವಿಷವಿಟ್ಟಳೆಂದು ಮಾರೀ ಲಾಫಾರ್ಜ್ ಎಂಬಾಕೆಯ ವಿಚಾರಣೆ ನಡೆಯಿತು. ಸ್ಥಳೀಯ ಔಷಧಗಾರರು ಮಾರ್ಷ್ ವಿಧಾನದಿಂದ ಶವವನ್ನು ಪರೀಕ್ಷಿಸಿ ಏನೂ ಇಲ್ಲವೆಂದರು. ಪ್ಯಾರಿಸ್ಸಿನಿಂದ ಬಂದ ಆರ್ಫಿಲಾ ಅದೇ ವಿಧಾನದಿಂದ ಇದೆ ಎಂದು ತೋರಿಸಿದ. ನ್ಯಾಯಾಲಯದಲ್ಲಿ ಅವನು ಇನ್ನೆರಡು ಮಾತುಗಳನ್ನೂ ಹೇಳಬೇಕಾಯಿತು: ಈ ಆರ್ಸೆನಿಕ್ ನಾನು ಬಳಸಿದ ರಾಸಾಯನಿಕಗಳಿಂದ ಬಂದದ್ದಲ್ಲ, ಶವಪೆಟ್ಟಿಗೆಯ ಸುತ್ತಲಿನ ಮಣ್ಣಿನಿಂದಲೂ ಬಂದದ್ದಲ್ಲ. ಏಕೆಂದರೆ ಅಂಗಡಿಯಲ್ಲಿ ಸಿಗುವ ಸತುವಿನಲ್ಲಿ, ಗಂಧಕಾಮ್ಲದಲ್ಲಿ ಆರ್ಸೆನಿಕ್ ಇದ್ದೇ ಇರುತ್ತಿತ್ತು. ಮಣ್ಣಿನಲ್ಲೂ ಇರುತ್ತದೆ. ಅಲ್ಪವನ್ನು ಅಳೆಯುವವನು ಮೊದಲು ತನ್ನ ಕೈಯನ್ನೇ ಪರೀಕ್ಷಿಸಿಕೊಳ್ಳಬೇಕಾದ ಪ್ರಸಂಗವಿದು. ಇಂದಿಗೂ ಯಾವುದೇ ಪ್ರಯೋಗಶಾಲೆಯಲ್ಲಿ ನದಿ ನೀರಿನ ಪ್ರತಿಗಳ ಜೊತೆಗೆ ಅತ್ಯಂತ ಶುದ್ಧ ನೀರಿನ ಒಂದು ಬಾಟಲಿಯೂ ಅದೇ ಆಮ್ಲ, ಅದೇ ಗಾಜು, ಅದೇ ಯಂತ್ರಗಳ ಮೂಲಕ ಸಾಗುತ್ತದೆ. ಅದರಲ್ಲಿ ಸಿಕ್ಕಿದ್ದನ್ನು ಕಳೆದ ಮೇಲೆಯೇ ನದಿಯ ಲೆಕ್ಕ.

1879ರಲ್ಲಿ ಗುಟ್ಸೈಟ್ ಎಂಬಾತ ಬೆಂಕಿಯ ಗೊಡವೆಯನ್ನೇ ತಪ್ಪಿಸಿದ. ಆರ್ಸೀನ್ ಹೊರಡುವ ಬಾಯಿಗೆ ಸಿಲ್ವರ್ ನೈಟ್ರೇಟ್ ಸವರಿದ ಕಾಗದವನ್ನು ಹಿಡಿದರೆ ಸಾಕು, ಬಣ್ಣ ತಿರುಗುತ್ತದೆ. ಮುಂದೆ ಬೆಳ್ಳಿಯ ಲವಣದ ಬದಲು ಪಾದರಸದ ಲವಣ ಬಂತು. ಹಳದಿಯಿಂದ ಕಂದಿನವರೆಗೆ ಏರುವ ಆ ಬಣ್ಣವನ್ನು ಮಾದರಿ ಪಟ್ಟಿಯ ಪಕ್ಕದಲ್ಲಿಟ್ಟು ಪ್ರಮಾಣ ಹೇಳಬಹುದಾಯಿತು. 1900ರಲ್ಲಿ ಮ್ಯಾಂಚೆಸ್ಟರ್ ಸುತ್ತ ಬಿಯರ್ ಕುಡಿದ ಸಾವಿರಾರು ಜನ ಕಾಯಿಲೆಬಿದ್ದು ಹಲವರು ಸತ್ತಾಗ, ತಪ್ಪು ಸಕ್ಕರೆ ತಯಾರಿಕೆಗೆ ಬಳಸಿದ ಗಂಧಕಾಮ್ಲದ್ದೆಂದು ಗೊತ್ತಾಯಿತು. ವಿಚಾರಣಾ ಆಯೋಗದ ಅಧ್ಯಕ್ಷರಾಗಿದ್ದವರು ಲಾರ್ಡ್ ಕೆಲ್ವಿನ್. ಅವರು ಸೂಚಿಸಿದ ಮಿತಿ ಒಂದು ಗ್ಯಾಲನ್ನಿಗೆ ಗ್ರೇನಿನ ನೂರನೇ ಒಂದು ಭಾಗ, ಅಂದರೆ ಲೀಟರಿಗೆ ಸುಮಾರು 140 ಮೈಕ್ರೊಗ್ರಾಂ. ಇಂದಿನ ನೀರಿನ ಮಿತಿಗಿಂತ ಹದಿನಾಲ್ಕು ಪಟ್ಟು. ಮಿತಿಗಳು ಮನುಷ್ಯನ ದೇಹವನ್ನು ಮಾತ್ರ ನೋಡಿ ಹುಟ್ಟುವುದಿಲ್ಲ, ಆಯಾ ಕಾಲದ ಅಳತೆಗೋಲನ್ನೂ ನೋಡಿ ಹುಟ್ಟುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಸಂಖ್ಯೆ 1958ರಲ್ಲಿ 200 ಇತ್ತು, 1963ರಲ್ಲಿ 50ಕ್ಕೆ ಇಳಿಯಿತು, 1993ರಲ್ಲಿ 10ಕ್ಕೆ. ಆ 10ನ್ನೂ ‘ತಾತ್ಕಾಲಿಕ’ ಎಂದೇ ಕರೆದಿದ್ದಾರೆ. ಅದಕ್ಕಿಂತ ಕೆಳಗಿಳಿದರೆ ಸಾಮಾನ್ಯ ಪ್ರಯೋಗಶಾಲೆಗಳಲ್ಲಿ ನಂಬಿಕೆಯಿಂದ ಅಳೆಯುವುದು ಕಷ್ಟವೆಂಬುದು ಅದಕ್ಕೊಂದು ಮುಖ್ಯ ಕಾರಣ.

ಇನ್ನು ಎರಡನೆಯ ಪ್ರಶ್ನೆ: ಯಾವ ರೂಪದಲ್ಲಿದೆ?

ನೀರಿನಲ್ಲಿರುವ ಆರ್ಸೆನಿಕ್ ಒಂದೇ ವಸ್ತುವಲ್ಲ. ಗಾಳಿಯಾಡುವ ನದಿಯಲ್ಲಿ ಅದು ಹೆಚ್ಚಾಗಿ ಆರ್ಸೆನೇಟ್ ಆಗಿರುತ್ತದೆ. ಗಾಳಿಯಿಲ್ಲದ ನೆಲದಾಳದಲ್ಲಿ ಹೆಚ್ಚಾಗಿ ಆರ್ಸೆನೈಟ್. ಎರಡನೆಯದು ಹೆಚ್ಚು ವಿಷಕಾರಿ, ಶೋಧಕಗಳಿಂದ ತೆಗೆಯುವುದೂ ಹೆಚ್ಚು ಕಷ್ಟ. ಇವೆರಡಲ್ಲದೆ ಜೀವಿಗಳು ತಯಾರಿಸುವ ರೂಪಗಳೂ ಇವೆ. ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಗೋಡೆಗೆ ಅಂಟಿಸುತ್ತಿದ್ದ ಹಸಿರು ಬಣ್ಣದ ಕಾಗದದಲ್ಲಿ ಆರ್ಸೆನಿಕ್ ಇರುತ್ತಿತ್ತು. ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದಾಗ ಬೆಳ್ಳುಳ್ಳಿಯಂಥ ವಾಸನೆಯ ಅನಿಲ ಬರುತ್ತದೆಂದು ಇಟಲಿಯ ಗೋಸಿಯೊ 1890ರ ದಶಕದಲ್ಲಿ ತೋರಿಸಿದ. ಅದು ಆರ್ಸೆನಿಕ್ಕಿಗೆ ಮೂರು ಮೀಥೈಲ್ ಗುಂಪುಗಳನ್ನು ಜೋಡಿಸಿದ ಸಂಯುಕ್ತವೆಂದು ಲೀಡ್ಸ್‌ನ ಚಾಲೆಂಜರ್ 1930ರ ದಶಕದಲ್ಲಿ ಗುರುತಿಸಿದ. ಬೂಸ್ಟು ಮಾಡುವ ಈ ಕೆಲಸವನ್ನು ನದಿಯ ಪಾಚಿ, ಸೂಕ್ಷ್ಮಾಣುಗಳೂ ಮಾಡುತ್ತಿರಬಹುದಲ್ಲವೇ? ಹಾಗೆಂದು ಊಹಿಸಬಹುದಿತ್ತೇ ಹೊರತು ಅಷ್ಟು ಅಲ್ಪವನ್ನು ಬೇರ್ಪಡಿಸಿ ತೋರಿಸುವ ಉಪಾಯವಿರಲಿಲ್ಲ.

ಆ ಉಪಾಯವನ್ನು ಕೊಟ್ಟವರು ಅಮೆರಿಕದ ಫ್ಲಾರಿಡಾದ ರಾಬರ್ಟ್ ಬ್ರಾಮನ್ ಮತ್ತು ಕ್ರೇಗ್ ಫೋರ್‌ಬ್ಯಾಕ್, 1973ರಲ್ಲಿ. ನಾನು ಓದಿದ ರಸಾಯನಶಾಸ್ತ್ರದಲ್ಲಿ ಇಷ್ಟು ಸರಳವಾದ ಜಾಣತನ ಅಪರೂಪ. ಅವರು ಬಳಸಿದ್ದೂ ಶೀಲೆಯ ಹಳೆಯ ಆರ್ಸೀನ್ ಅನಿಲವನ್ನೇ. ಸತುವಿನ ಬದಲು ಸೋಡಿಯಂ ಬೋರೊಹೈಡ್ರೈಡ್ ಹಾಕಿದರು. ನೀರಿನ ಆಮ್ಲತೆ ತೀರ ಕಡಿಮೆಯಿದ್ದಾಗ ಆರ್ಸೆನೈಟ್ ಮಾತ್ರ ಅನಿಲವಾಗುತ್ತದೆ, ಆಮ್ಲತೆ ಹೆಚ್ಚಿಸಿದ ಮೇಲೆ ಆರ್ಸೆನೇಟ್ ಕೂಡ. ಹೀಗೆ ಇಬ್ಬರನ್ನು ಬೇರೆಮಾಡಿದಂತಾಯಿತು. ಮೀಥೈಲ್ ಗುಂಪು ಹೊತ್ತ ರೂಪಗಳು ತಮ್ಮ ಗುಂಪನ್ನು ಬಿಡದೆಯೇ ಅನಿಲವಾಗುತ್ತವೆ. ಬಂದ ಅನಿಲಗಳನ್ನೆಲ್ಲ ದ್ರವ ಸಾರಜನಕದಲ್ಲಿ ಅದ್ದಿದ ಬಾಗಿದ ಕೊಳವೆಯಲ್ಲಿ ಹೆಪ್ಪುಗಟ್ಟಿಸಿ, ಬಳಿಕ ಕೊಳವೆಯನ್ನು ಮೆಲ್ಲಗೆ ಬೆಚ್ಚಗಾಗಲು ಬಿಟ್ಟರು. ಆರ್ಸೀನ್ ಕುದಿಯುವುದು ಸೊನ್ನೆಗಿಂತ ಸುಮಾರು 60 ಡಿಗ್ರಿ ಕೆಳಗೆ, ಒಂದು ಮೀಥೈಲ್ ಇರುವುದು 2 ಡಿಗ್ರಿಯಲ್ಲಿ, ಎರಡಿರುವುದು ಸುಮಾರು 36ರಲ್ಲಿ, ಮೂರಿರುವುದು 50ರ ಆಸುಪಾಸಿನಲ್ಲಿ. ಶಾಲೆ ಬಿಟ್ಟಾಗ ಒಂದೊಂದೇ ತರಗತಿಯ ಮಕ್ಕಳು ಸಾಲಾಗಿ ಗೇಟು ದಾಟುವಂತೆ ಒಂದರ ಹಿಂದೊಂದು ಹೊರಬಂದವು. ಗೇಟಿನಲ್ಲಿ ನಿಂತು ಎಣಿಸಿದರಾಯಿತು. ಟ್ಯಾಂಪಾ ನಗರದ ಸುತ್ತಲಿನ ನದಿ, ಕೆರೆ, ಕೊಲ್ಲಿಗಳ ನೀರಿನಲ್ಲಿ ಮೀಥೈಲ್ ರೂಪಗಳು ನಿಜಕ್ಕೂ ಇದ್ದವು. ಮನುಷ್ಯರ ಮೂತ್ರದಲ್ಲೂ ಇದ್ದವು!

ಈ ಭೇದದ ಬೆಲೆಯೇನೆಂದು ಕರಾವಳಿಯ ಓದುಗರಿಗೆ ಒಂದು ಉದಾಹರಣೆ ಕೊಡುತ್ತೇನೆ. ಸಮುದ್ರದ ಮೀನು, ಸಿಗಡಿಗಳಲ್ಲಿ ಒಟ್ಟು ಆರ್ಸೆನಿಕ್ ಅಳೆದರೆ ಗಾಬರಿಯಾಗುವಷ್ಟು ಬರುತ್ತದೆ. ಅದರ ಬಹುಪಾಲು ಆರ್ಸೆನೊಬೀಟೈನ್ ಎಂಬ ನಿರಪಾಯಕಾರಿ ರೂಪ, ಬಂದಹಾಗೆಯೇ ಮೂತ್ರದಲ್ಲಿ ಹೊರಟುಹೋಗುತ್ತದೆ. ಒಟ್ಟು ಸಂಖ್ಯೆಯೊಂದನ್ನೇ ನೋಡಿದವನು ನಿನ್ನೆ ರಾತ್ರಿ ಮೀನೂಟ ಮಾಡಿದವನನ್ನು ವಿಷಪ್ರಾಶನವಾದವನೆಂದು ಬಗೆದಾನು. ಇದಕ್ಕೆ ಇನ್ನೊಂದು ಮುಖವೂ ಇದೆ. ದೇಹ ಆರ್ಸೆನಿಕ್ಕಿಗೆ ಮೀಥೈಲ್ ಜೋಡಿಸುವುದು ವಿಷಹರಣಕ್ಕೆಂದೇ ಬಹುಕಾಲ ತಿಳಿದಿದ್ದರು. 2000ದ ಸುಮಾರಿಗೆ, ಆ ದಾರಿಯ ನಡುವೆ ಹುಟ್ಟುವ ಕೆಲವು ಮೀಥೈಲ್ ರೂಪಗಳು ಆರ್ಸೆನೈಟ್‌ಗಿಂತಲೂ ಉಗ್ರವೆಂದು ಜೀವಕೋಶಗಳ ಮೇಲಿನ ಪ್ರಯೋಗಗಳು ತೋರಿಸಿದವು.

ಬಾಟಲಿಯ ಸಮಸ್ಯೆಯನ್ನು ಹೇಳದಿದ್ದರೆ ಈ ಭಾಗ ಪೂರ್ಣವಾಗದು. ನೀರನ್ನು ತುಂಬಿದ ಗಳಿಗೆಯಿಂದ ಅದರೊಳಗೆ ಬದಲಾವಣೆ ಶುರುವಾಗುತ್ತದೆ. ಗಾಳಿ ತಗಲಿ ಆರ್ಸೆನೈಟ್ ಆರ್ಸೆನೇಟ್ ಆಗುತ್ತದೆ, ಕಬ್ಬಿಣ ತುಕ್ಕಾಗಿ ಕೆಳಗಿಳಿಯುವಾಗ ಆರ್ಸೆನಿಕ್ಕನ್ನೂ ಅಪ್ಪಿಕೊಂಡು ತಳ ಸೇರುತ್ತದೆ. ಮೇಲಿನ ತಿಳಿಯನ್ನು ಅಳೆದವನಿಗೆ ನೀರು ಶುದ್ಧ! ಆದುದರಿಂದ ದಡದಲ್ಲೇ ಸೋಸಿ, ಆಮ್ಲ ಹಾಕಿ, ಕತ್ತಲಲ್ಲಿ ತಂಪಾಗಿಟ್ಟು ಒಯ್ಯಬೇಕು. ಒಂದೊಂದು ಪರಮಾಣುವಿನ ತೂಕ ನೋಡಿ ಎಣಿಸುವ ಇಂದಿನ ಕೋಟಿ ರೂಪಾಯಿ ಬೆಲೆಯ ಯಂತ್ರವೂ ಕೆಟ್ಟ ಬಾಟಲಿಯ ಮುಂದೆ ನಿಸ್ಸಹಾಯಕ.

ಇಷ್ಟೆಲ್ಲ ಬಲ್ಲ ಶತಮಾನ ನಿಜವಾದ ನೀರಿನ ಮುಂದೆ ಹೇಗೆ ನಡೆದುಕೊಂಡಿತು? ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಮಳೆಯೇ ಕಾಣದ ಮರುಭೂಮಿಯ ಅಂಚಿಗೆ ಆಂಟೊಫಗಾಸ್ಟ ಎಂಬ ನಗರವಿದೆ. 1958ರಲ್ಲಿ ಆಂಡೀಸ್ ಪರ್ವತದಿಂದಿಳಿಯುವ ತೊಕೊನ್ಸೆ ನದಿಯ ನೀರನ್ನು ಆ ನಗರಕ್ಕೆ ತಂದರು. ಜ್ವಾಲಾಮುಖಿ ಪ್ರದೇಶದ ಆ ನೀರಿನಲ್ಲಿ ಲೀಟರಿಗೆ 800 ಮೈಕ್ರೊಗ್ರಾಮಿಗೂ ಹೆಚ್ಚು ಆರ್ಸೆನಿಕ್ ಇತ್ತು. ಮಾರ್ಷನ ಕನ್ನಡಿಯೂ ಬೇಡ, ಗುಟ್ಸೈಟನ ಕಾಗದದ ತುಂಡೇ ಸಾಕಿತ್ತು. ಮಕ್ಕಳ ಚರ್ಮದ ಮೇಲೆ ಕಲೆಗಳೆದ್ದು, ಕಾರಣ ತಿಳಿದು, ಶುದ್ಧೀಕರಣ ಘಟಕ ಶುರುವಾದದ್ದು 1970ರಲ್ಲಿ. ನೀರು ಸರಿಯಾಯಿತು. ಆದರೆ ಆ ಹನ್ನೆರಡು ವರ್ಷ ಕುಡಿದವರಲ್ಲಿ ಶ್ವಾಸಕೋಶದ, ಮೂತ್ರಕೋಶದ ಕ್ಯಾನ್ಸರ್ ಸಾವುಗಳು ಶಿಖರಕ್ಕೇರಿದ್ದು ಎರಡು ದಶಕಗಳ ಬಳಿಕ.

ಬಂಗಾಳದ್ದು ಇದಕ್ಕೆ ತಿರುಗುಮುರುಗಾದ ಕಥೆ. ಅಲ್ಲಿ ಗಂಗೆ, ಬ್ರಹ್ಮಪುತ್ರೆಯರ ಹರಿಯುವ ನೀರಿನಲ್ಲಿ ಆರ್ಸೆನಿಕ್ ಕಡಿಮೆಯೇ. ಹಿಮಾಲಯದಿಂದ ಅವು ಹೊತ್ತು ತಂದ ಮೆಕ್ಕಲಿನ ಕಣಗಳಿಗೆ ಸವರಿದ ಕಬ್ಬಿಣದ ತುಕ್ಕಿನಲ್ಲಿ ಅದು ಅಂಟಿ ಕುಳಿತಿರುತ್ತದೆ. ಮೆಕ್ಕಲು ಹೂತು, ಗಾಳಿ ಸಿಗದೆ, ಕೊಳೆತ ಸಸ್ಯಗಳನ್ನು ತಿಂದು ಬದುಕುವ ಸೂಕ್ಷ್ಮಾಣುಗಳು ಆ ತುಕ್ಕನ್ನು ಕರಗಿಸಿದಾಗ ವಿಷ ಅಂತರ್ಜಲಕ್ಕೆ ಬಿಡುಗಡೆಯಾಗುತ್ತದೆ. ಜನ ಕೆರೆಯ, ಹೊಳೆಯ ನೀರು ಕುಡಿದು ಕಾಲರಾ, ಭೇದಿಗಳಿಂದ ಸಾಯುತ್ತಿದ್ದರೆಂದು 1970ರ ದಶಕದಿಂದ ಸರ್ಕಾರವೂ ಯುನಿಸೆಫ್ ಮೊದಲಾದ ಸಂಸ್ಥೆಗಳೂ ಸೇರಿ ಕೈಪಂಪುಗಳ ಕೊಳವೆಬಾವಿ ತೋಡಿಸಿದವು. ಉದ್ದೇಶ ಒಳ್ಳೆಯದೇ, ಎಷ್ಟೋ ಮಕ್ಕಳು ಬದುಕಿಕೊಂಡರೆಂಬುದೂ ನಿಜ. ರೋಗಾಣುಗಳ ಪರೀಕ್ಷೆ ಮಾಡಿದರು. ಆರ್ಸೆನಿಕ್? ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಕೇಳಿದವರು ಕೋಲ್ಕತ್ತದ ಚರ್ಮವೈದ್ಯ ಡಾ. ಕ್ಷಿತೀಶ್ ಚಂದ್ರ ಸಾಹಾ. 1983ರಲ್ಲಿ ಅವರ ಬಳಿ ಬಂದ ಹಳ್ಳಿಯ ರೋಗಿಗಳ ಅಂಗೈ ಅಂಗಾಲುಗಳಲ್ಲಿ ಗಂಟುಗಳಿದ್ದವು, ಮೈಮೇಲೆ ಮಳೆಹನಿ ಬಿದ್ದಂಥ ಚುಕ್ಕೆಗಳಿದ್ದವು. ಕುಷ್ಠವೆಂದು ಊರವರು ದೂರವಿಡುತ್ತಿದ್ದ ಆ ಚಿಹ್ನೆಗಳು ಆರ್ಸೆನಿಕ್ಕಿನವೆಂದು ಅವರು ಗುರುತಿಸಿದರು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ 1988ರಿಂದ ತಾವು ತೀರಿಕೊಂಡ 2018ರವರೆಗೆ ಬಾಟಲಿ ಹಿಡಿದು ಹಳ್ಳಿಹಳ್ಳಿ ಸುತ್ತಿದರು. ಬಾಂಗ್ಲಾದೇಶದಲ್ಲಿ ಅಧಿಕೃತವಾಗಿ ಗೊತ್ತಾದದ್ದು 1993ರಲ್ಲಿ. ಅದಕ್ಕೆ ಒಂದೇ ವರ್ಷ ಹಿಂದೆ, 1992ರಲ್ಲಿ, ಬ್ರಿಟಿಷ್ ಭೂವಿಜ್ಞಾನ ಸರ್ವೇಕ್ಷಣೆಯವರು ಅಲ್ಲಿನ ಬಾವಿಗಳ ನೀರಿನಲ್ಲಿ ಹಲವಾರು ಧಾತುಗಳನ್ನು ಅಳೆದು ವರದಿ ಕೊಟ್ಟಿದ್ದರು. ಆ ಪಟ್ಟಿಯಲ್ಲಿ ಆರ್ಸೆನಿಕ್ ಇರಲಿಲ್ಲ. ಬಾಂಗ್ಲಾದ ಹಳ್ಳಿಗರೊಬ್ಬರು ಇಂಗ್ಲೆಂಡಿನಲ್ಲಿ ಮೊಕದ್ದಮೆ ಹೂಡಿದರು. 2006ರಲ್ಲಿ ಲಾರ್ಡ್ಸ್ ಸಭೆಯ ನ್ಯಾಯಾಧೀಶರು, ಅಳೆಯದ ವಸ್ತುವಿನ ಬಗ್ಗೆ ವರದಿ ಏನನ್ನೂ ಹೇಳಿಲ್ಲ, ಆ ಹಳ್ಳಿಗರ ಬಗ್ಗೆ ಅದನ್ನು ಬರೆದವರಿಗೆ ಕಾನೂನಿನ ಹೊಣೆಯೂ ಇರಲಿಲ್ಲ ಎಂದು ಅದನ್ನು ತಳ್ಳಿಹಾಕಿದರು. ಕಾನೂನಿನ ತರ್ಕ ಸರಿಯಿರಬಹುದು, ನನಗೆ ಕಾನೂನು ತಿಳಿಯದು. ಆದರೆ ಒಂದು ನೀರಿನ ವರದಿಯನ್ನು ಓದುವ ಸಾಮಾನ್ಯ ಮನುಷ್ಯ, ಅದರಲ್ಲಿಲ್ಲದ ವಿಷ ನೀರಿನಲ್ಲೂ ಇಲ್ಲವೆಂದೇ ತಿಳಿಯುತ್ತಾನೆ ಎಂಬುದನ್ನು ಮೂವತ್ತು ವರ್ಷ ಪಾಠ ಹೇಳಿದ ನಾನು ಬಲ್ಲೆ.

ಆ ಬಳಿಕ 1998-99ರಲ್ಲಿ ಅದೇ ಸಂಸ್ಥೆ ಬಾಂಗ್ಲಾ ಸರ್ಕಾರದೊಡನೆ 3534 ಬಾವಿಗಳನ್ನು ಕ್ರಮವಾಗಿ ಅಳೆಯಿತು. 150 ಮೀಟರಿಗಿಂತ ಕಡಿಮೆ ಆಳದ ಬಾವಿಗಳಲ್ಲಿ ನೂರಕ್ಕೆ 27ರಷ್ಟು 50 ಮೈಕ್ರೊಗ್ರಾಂ ಮೀರಿದ್ದವು. ಮುಂದಿನ ಹೆಜ್ಜೆ ಬಾವಿಬಾವಿಗೂ ಹೋಗುವುದು. ಸುಮಾರು 50 ಲಕ್ಷ ಬಾವಿಗಳ ಬಳಿಗೆ ಪ್ರಯೋಗಶಾಲೆಯನ್ನು ಒಯ್ಯಲಾದೀತೇ? ಒಯ್ದದ್ದು ಗುಟ್ಸೈಟನ ಕಾಗದವನ್ನೇ: ಒಂದು ಸೀಸೆ, ಸತುವಿನ ಪುಡಿ, ಆಮ್ಲ, ಮುಚ್ಚಳದಲ್ಲಿ ಪಾದರಸದ ಲವಣ ಸವರಿದ ಪಟ್ಟಿ. ಸುರಕ್ಷಿತ ಪಂಪಿಗೆ ಹಸಿರು ಬಣ್ಣ, ಅಪಾಯದ್ದಕ್ಕೆ ಕೆಂಪು. ಈ ಪೆಟ್ಟಿಗೆಗಳು ಎಷ್ಟೋ ಬಾವಿಗಳನ್ನು ತಪ್ಪು ಬಣ್ಣಕ್ಕೆ ಸೇರಿಸುತ್ತಿವೆಯೆಂದು ಜಾದವಪುರದವರು 2002ರಲ್ಲಿ ಎಚ್ಚರಿಸಿದರು. ಕಾಗದದ ಬಣ್ಣ ತಿರುಗಲು 20 ನಿಮಿಷದ ಬದಲು 40 ನಿಮಿಷ ಕಾದರೆ ಫಲಿತಾಂಶ ಬಹಳ ಸುಧಾರಿಸುತ್ತದೆಂದು 2005ರಲ್ಲಿ ಬೇರೊಂದು ತಂಡ ತೋರಿಸಿತು. ಆ ಇಪ್ಪತ್ತು ನಿಮಿಷದ ಆತುರದಲ್ಲಿ ಎಷ್ಟು ಮನೆಯವರು ಹಸಿರು ಪಂಪಿನ ವಿಷ ಕುಡಿದರೋ!

ಇದೆಲ್ಲ ದೂರದ ಮಾತೆಂದು ಕನ್ನಡ ನಾಡಿನವರು ನಿಶ್ಚಿಂತರಾಗುವಂತಿಲ್ಲ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಮಂಗಳೂರು ಎಂಬ ಹಳ್ಳಿಯಿದೆ (ಕಡಲತಡಿಯ ಮಂಗಳೂರಲ್ಲ). ಅದರ ಹೆಸರಿನ ಶಿಲಾಪಟ್ಟಿಯಲ್ಲಿ ಹಿಂದೆ ಚಿನ್ನದ ಗಣಿಗಾರಿಕೆ ನಡೆದಿತ್ತು. ಚಿನ್ನ ಇರುವ ಅದಿರಿನ ಜೊತೆಗೆ ಆರ್ಸೆನಿಕ್ಕಿನ ಅದಿರೂ ಇರುವುದು ಸಾಮಾನ್ಯ. ಆ ಸೀಮೆಯ ಕಿರದಳ್ಳಿ ತಾಂಡಾದ ಜನರನ್ನು ಪರೀಕ್ಷಿಸಿದ ತಂಡದಲ್ಲಿ ಮೇಲೆ ಹೇಳಿದ ದೀಪಂಕರ್ ಚಕ್ರವರ್ತಿಯವರೇ ಇದ್ದರು. 2013ರಲ್ಲಿ ಪ್ರಕಟವಾದ ಅವರ ವರದಿಯಂತೆ 59 ಕೊಳವೆಬಾವಿ ನೀರಿನ ಪ್ರತಿಗಳಲ್ಲಿ ನೂರಕ್ಕೆ 79ರಷ್ಟು 10 ಮೈಕ್ರೊಗ್ರಾಂ ದಾಟಿದ್ದವು, ಅತಿ ಹೆಚ್ಚಿನದು 303. ನೋಡಿದ 181 ಜನರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಚರ್ಮದ ಮೇಲೆ ಆರ್ಸೆನಿಕ್ಕಿನ ಗುರುತುಗಳಿದ್ದವು. ನೀರನ್ನು ಅಳೆದ ಯಂತ್ರದೊಳಗೆ ಹುಟ್ಟಿಸಿದ್ದು ಆರ್ಸೀನ್ ಅನಿಲವನ್ನೇ, ಶೀಲೆ ಕಂಡ 1775ರ ಅದೇ ಅನಿಲವನ್ನು.

ತರಗತಿಯಲ್ಲಿ ಮಕ್ಕಳು ಕೇಳುತ್ತಿದ್ದ ಪ್ರಶ್ನೆಯೊಂದಿದೆ: ಸಾರ್, ಕುದಿಸಿದರೆ ಹೋಗುವುದಿಲ್ಲವೇ? ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದದ್ದರಲ್ಲಿ ಆರ್ಸೆನಿಕ್ ಇನ್ನಷ್ಟು ಗಟ್ಟಿಯಾಗುತ್ತದೆ. ರಾಯಚೂರು, ಯಾದಗಿರಿ ಕಡೆಯ ಓದುಗರು ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕೊಡುವುದಾದರೆ, ‘ನೀರು ಪರೀಕ್ಷೆ’ ಎಂದಷ್ಟೇ ಹೇಳಿ ಬರಬೇಡಿ. ಗಡಸುತನ, ಫ್ಲೋರೈಡ್, ನೈಟ್ರೇಟ್‌ಗಳ ಸಾಲಿನಲ್ಲಿ ಆರ್ಸೆನಿಕ್ ಎಂದು ಅರ್ಜಿಯಲ್ಲಿ ಬರೆಯಿರಿ. ಬಾಟಲಿಗೆ ಆಮ್ಲ ಹಾಕಿ ತರಬೇಕೇ ಎಂದು ಮೊದಲೇ ವಿಚಾರಿಸಿ. ‘ಇಲ್ಲ’ ಎಂದು ವರದಿ ಬಂದರೆ, ಅವರ ಯಂತ್ರ ಎಷ್ಟು ಮೈಕ್ರೊಗ್ರಾಮಿನವರೆಗೆ ಅಳೆಯಬಲ್ಲದೆಂದು ಕೇಳಿ ಬರೆಸಿಕೊಳ್ಳಿ.